ಪ್ರದೇಶಾಧ್ಯಯನವೂ ನಮ್ಮ ಸೀಮೆಯೂ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಸೋದರಮಾವನವರು ಕೇಳಿದ ಒಂದು ಮಾತಿನಿಂದಲೇ ಈ ಲೇಖನವನ್ನು ಆರಂಭಿಸುವುದು ಯೋಗ್ಯವೆಂದು ತೋರುತ್ತದೆ. ಬಿ.ಎ. ಮುಗಿದ ಮೇಲೆ ಮುಂದೇನು ಎಂದು ಅವರು ವಿಚಾರಿಸಿದರು. ಒಂದು ಪ್ರದೇಶದ ಭಾಷೆ, ಇತಿಹಾಸ, ಭೂಗೋಲ, ಜನಜೀವನಗಳನ್ನು ಒಟ್ಟುಗೂಡಿಸಿ ಓದುವ ಒಂದು ಶಿಕ್ಷಣಕ್ರಮವಿದೆ, ಅದಕ್ಕೆ ಹೋಗಬೇಕೆಂಬ ಆಸೆಯಿದೆ ಎಂದು ನಾನು ಉತ್ತರಿಸಿದೆ. ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮಾ, ನಮ್ಮ ಸೀಮಿ ಬಗ್ಗಿ ಓದ್ಲಕ ಪರಸ್ಥಳಕ್ಕ ಹೋಗಬೇಕೇನು? ಹೋಗಿ ಓದಿದ ಮ್ಯಾಲರ ಏನು ನೌಕರಿ ಸಿಗ್ತದ?” ಎಂದರು.

ಈ ಎರಡು ಪ್ರಶ್ನೆಗಳಿಗೂ ಆಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಆ ಮೇಲೆ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಓದಿದುದನ್ನೂ, ಗುರುಗಳನ್ನು ಕೇಳಿ ತಿಳಿದುದನ್ನೂ, ಗೆಳೆಯರೊಡನೆ ಊರೂರು ಸುತ್ತಿ ಕಂಡುದನ್ನೂ ಕ್ರಮವಾಗಿ ಇಲ್ಲಿ ಬರೆಯಲು ಯತ್ನಿಸಿದ್ದೇನೆ. ನನ್ನಂತೆಯೇ ಮುಂದಿನ ದಾರಿಯನ್ನು ಯೋಚಿಸುತ್ತಿರುವ ವಿದ್ಯಾರ್ಥಿಮಿತ್ರರಿಗೆ ಇದು ಅಲ್ಪಸ್ವಲ್ಪವಾದರೂ ಪ್ರಯೋಜನವಾದೀತು.

1. ಪ್ರದೇಶಾಧ್ಯಯನವೆಂದರೇನು?

ನಾವು ಕಾಲೇಜಿನಲ್ಲಿ ಓದುವ ವಿಷಯಗಳೆಲ್ಲ ಜ್ಞಾನವನ್ನು ಶಾಸ್ತ್ರಗಳಾಗಿ ವಿಂಗಡಿಸಿದವುಗಳು. ಅರ್ಥಶಾಸ್ತ್ರಕ್ಕೆ ಬೆಲೆ, ಬೇಡಿಕೆ, ಉತ್ಪತ್ತಿಗಳೇ ಮುಖ್ಯ. ಅವು ಯಾವ ಊರಿನವೆಂಬುದು ಅಷ್ಟು ಮುಖ್ಯವಲ್ಲ. ಇತಿಹಾಸಕ್ಕೆ ಕಾಲವೇ ಸೂತ್ರ. ಭಾಷಾಶಾಸ್ತ್ರಕ್ಕೆ ಧ್ವನಿ, ಪದ, ವಾಕ್ಯಗಳೇ ಸಾಮಗ್ರಿ. ಇಂಗ್ಲಿಷಿನಲ್ಲಿ ‘ಏರಿಯಾ ಸ್ಟಡೀಸ್’ ಎಂದು ಹೆಸರಾಗಿರುವ ಪ್ರದೇಶಾಧ್ಯಯನವು ಇದಕ್ಕೆ ವಿರುದ್ಧವಾದ ಕಡೆಯಿಂದ ಹೊರಡುತ್ತದೆ. ಅದು ಮೊದಲು ಒಂದು ನೆಲವನ್ನು ಆರಿಸಿಕೊಂಡು, ಆ ನೆಲವನ್ನು ಅರಿಯುವುದಕ್ಕೆ ಬೇಕಾದ ಶಾಸ್ತ್ರಗಳನ್ನೆಲ್ಲ ಅಲ್ಲಿಗೆ ಕರೆತರುತ್ತದೆ.

ನಮ್ಮ ಕಣ್ಣೆದುರಿನ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸುರಪುರ, ಶಹಾಪುರಗಳ ಕಡೆ ಕಾಲುವೆಯ ಕೆಳಗಿನ ಹೊಲದಲ್ಲಿ ಭತ್ತ ನಿಂತಿದ್ದರೆ, ಕಾಲುವೆಯ ಮೇಲ್ಗಡೆಯ ಹೊಲದಲ್ಲಿ ತೊಗರಿಯೋ ಜೋಳವೋ ಇರುತ್ತದೆ. ಕೆಳಗಿನ ಹೊಲದಲ್ಲಿ ಕೂಲಿಗೆ ಬಂದವರು ಒಂದೆಡೆ, ಮೇಲಿನ ಹೊಲದವರು ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗಿರುವುದು ಇನ್ನೊಂದೆಡೆ. ಇದೇಕೆ ಹೀಗೆ? ಮಣ್ಣು ಮಳೆಗಳ ವಿಷಯವನ್ನು ಭೂಗೋಲಜ್ಞನು ಹೇಳಬೇಕು. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟಿನ ಎಡದಂಡೆ ಕಾಲುವೆ ಎಲ್ಲಿ ಹರಿದು ಎಲ್ಲಿ ಹರಿಯಲಿಲ್ಲವೆಂಬುದನ್ನು ನೀರಾವರಿಯನ್ನು ಬಲ್ಲವನು ಹೇಳಬೇಕು. ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಭೂಮಿ ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ನೆಲೆಸಿದುದನ್ನು ಸಮಾಜಶಾಸ್ತ್ರಜ್ಞನು ಹೇಳಬೇಕು. ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದಿರುವಾಗ ಯಾರ ಮಾತು ನಡೆಯುತ್ತದೆಂಬುದು ರಾಜ್ಯಶಾಸ್ತ್ರದ ವಿಷಯ. ಈ ನಾಲ್ವರೂ ಬೇರೆಬೇರೆ ಕೋಣೆಗಳಲ್ಲಿ ಕುಳಿತರೆ ರೈತನ ಒಂದೇ ಬದುಕು ನಾಲ್ಕು ತುಂಡಾಗುತ್ತದೆ. ಅವರನ್ನು ಒಂದೇ ಹೊಲದ ಬದುವಿನ ಮೇಲೆ ನಿಲ್ಲಿಸುವುದೇ ಪ್ರದೇಶಾಧ್ಯಯನದ ಉದ್ದೇಶ.

2. ಅದರ ಹುಟ್ಟು ಬೆಳವಣಿಗೆ

ಈ ವಿದ್ಯೆಯು ನಿರ್ಮಲವಾದ ಜ್ಞಾನದಾಹದಿಂದಲೇ ಹುಟ್ಟಿತೆಂದು ಹೇಳುವುದು ಕಠಿಣ. ಆಳುವವರಿಗೆ ಆಳಿಸಿಕೊಳ್ಳುವವರ ಭಾಷೆಯೂ ಪದ್ಧತಿಯೂ ತಿಳಿದಿರಬೇಕಾಗಿದ್ದಿತು. ಲಂಡನ್ನಿನ ಪ್ರಾಚ್ಯವಿದ್ಯಾಶಾಲೆಯು 1916ರಲ್ಲಿ ಸ್ಥಾಪಿತವಾದಾಗ ಪೂರ್ವದೇಶಗಳಿಗೆ ಹೋಗುವ ಅಧಿಕಾರಿಗಳಿಗೆ ಭಾಷೆ ಕಲಿಸುವುದೂ ಅದರ ಕಾರ್ಯಗಳಲ್ಲಿ ಒಂದಾಗಿದ್ದಿತು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಈ ವಿದ್ಯೆಗೆ ವಿಶೇಷ ಪ್ರೋತ್ಸಾಹ ದೊರೆಯಿತು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ, 1958ರಲ್ಲಿ ಅಮೆರಿಕ ಸರ್ಕಾರವು ರಾಷ್ಟ್ರರಕ್ಷಣಾ ಶಿಕ್ಷಣ ಕಾಯಿದೆಯನ್ನು ಮಾಡಿ, ಪರದೇಶಗಳ ಭಾಷೆಗಳನ್ನೂ ಪ್ರದೇಶಗಳನ್ನೂ ಕಲಿಸುವ ಕೇಂದ್ರಗಳಿಗೆ ಹಣ ಒದಗಿಸಿತು. ಪರರನ್ನು ಅರಿಯುವುದರಲ್ಲಿ ಅವರನ್ನು ಹತೋಟಿಯಲ್ಲಿಡುವ ಆಸೆಯೂ ಬೆರೆತಿದ್ದಿತೆಂಬುದನ್ನು ನಾವು ಮರೆಯಬಾರದು.

ಸ್ವತಂತ್ರ ಭಾರತದಲ್ಲಿ ಇದರ ದಿಕ್ಕು ಬದಲಾಯಿತು. 1955ರಲ್ಲಿ ಹೊಸದಿಲ್ಲಿಯ ಸಪ್ರು ಭವನದಲ್ಲಿ ಭಾರತೀಯ ಅಂತರರಾಷ್ಟ್ರೀಯ ಅಧ್ಯಯನ ಶಾಲೆ ಆರಂಭವಾಯಿತು. ನೆರೆಹೊರೆಯ ದೇಶಗಳನ್ನೂ ಏಷ್ಯಾ ಆಫ್ರಿಕಾ ಖಂಡಗಳನ್ನೂ ನಮ್ಮ ಕಣ್ಣಿನಿಂದಲೇ ನೋಡಬೇಕೆಂಬುದು ಅದರ ಆಶಯ. 1969ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ, 1970ರಲ್ಲಿ ಆ ಶಾಲೆ ಅದರಲ್ಲಿ ವಿಲೀನವಾಯಿತು.

ಆದರೆ ನಮಗೆ ಹೆಚ್ಚು ಸಮೀಪದ ಉದಾಹರಣೆ ಕನ್ನಡನಾಡಿನಲ್ಲಿಯೇ ಇದೆ. 1966ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಕನ್ನಡ ಅಧ್ಯಯನ ಸಂಸ್ಥೆಯನ್ನು ತೆರೆಯಿತು, ದೇ. ಜವರೇಗೌಡರು ಅದರ ನಿರ್ದೇಶಕರಾಗಿ ಅದನ್ನು ಬೆಳೆಸಿದರು. ಧಾರವಾಡದಲ್ಲಿ ಕನ್ನಡ ಅಧ್ಯಯನ ಪೀಠವು ಬೆಳೆಯಿತು. ‘ಕನ್ನಡ ವಿಭಾಗ’ವೆಂಬುದಕ್ಕೂ ‘ಕನ್ನಡ ಅಧ್ಯಯನ’ವೆಂಬುದಕ್ಕೂ ಇರುವ ವ್ಯತ್ಯಾಸ ಕೇವಲ ಹೆಸರಿನದಲ್ಲ. ಮೊದಲನೆಯದರ ಲಕ್ಷ್ಯ ಪ್ರಧಾನವಾಗಿ ಸಾಹಿತ್ಯ. ಎರಡನೆಯದರಲ್ಲಿ ಶಾಸನ, ಹಸ್ತಪ್ರತಿ, ಜಾನಪದ, ಭಾಷಾಶಾಸ್ತ್ರ, ಸಂಸ್ಕೃತಿಚರಿತ್ರೆಗಳೆಲ್ಲ ಒಂದೇ ಸೂರಿನ ಕೆಳಗೆ ಬರುತ್ತವೆ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವು ಚಂದ್ರಶೇಖರ ಕಂಬಾರರ ಕುಲಪತಿತ್ವದಲ್ಲಿ ಆರಂಭವಾದಾಗ ಈ ಭಾವನೆಗೇ ಒಂದು ಇಡೀ ವಿಶ್ವವಿದ್ಯಾಲಯದ ರೂಪ ಬಂದಿತು. ಹೆಸರಿಗೆ ಪ್ರದೇಶಾಧ್ಯಯನವಲ್ಲದಿದ್ದರೂ ಗುಣದಿಂದ ಇವೆಲ್ಲವೂ ಕನ್ನಡ ಪ್ರದೇಶದ ಅಧ್ಯಯನವೇ ಸರಿ.

3. ಪರರು ಓದಿದ ನಮ್ಮ ನೆಲ

ಇನ್ನು ಮಾವನವರ ಮೊದಲನೆಯ ಪ್ರಶ್ನೆ. ನಮ್ಮ ಸೀಮೆಯಲ್ಲಿ ಓದುವಂತಹದು ಏನಿದೆ?

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಇವೆರಡರ ನಡುವೆ ಸುರಪುರ, ಶಹಾಪುರಗಳು. ಭೀಮೆಯ ಆಚೆಗೆ ಯಾದಗಿರಿ. ವಿದ್ವಾಂಸರು ಈ ನಡುನಾಡನ್ನು ‘ಶೋರಾಪುರ ದೋಆಬ್’ ಎಂದು ಕರೆದಿದ್ದಾರೆ. ಇದನ್ನು ವಿಸ್ತಾರವಾಗಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬನು ಫಿಲಿಪ್ ಮೆಡೋಸ್ ಟೇಲರ್. 1841ರ ಕೊನೆಯಲ್ಲಿ ಅವನು ಸುರಪುರ ಸಂಸ್ಥಾನಕ್ಕೆ ರಾಜಕೀಯ ಪ್ರತಿನಿಧಿಯಾಗಿ ಬಂದು 1853ರವರೆಗೆ ಇಲ್ಲಿದ್ದನು. ಬಾಲಕನಾಗಿದ್ದ ವೆಂಕಟಪ್ಪ ನಾಯಕನ ಶಿಕ್ಷಣವನ್ನು ನೋಡಿಕೊಂಡವನೂ ಅವನೇ. ರಾಜನು ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. ಸುರಪುರದ ಗುಡ್ಡದ ಮೇಲಿನ ಅವನ ಬಂಗಲೆಯನ್ನು ಜನರು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ.

ಟೇಲರನು ರಾಜನ್ ಕೋಳೂರಿನ ಕಲ್ಲುಮನೆಗಳನ್ನೂ, ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ಅಳೆದು, ಚಿತ್ರ ಬರೆದು ಪ್ರಕಟಿಸಿದನು. ಈ ಕಾರ್ಯಕ್ಕಾಗಿ ನಾವು ಅವನಿಗೆ ಕೃತಜ್ಞರಾಗಿರಬೇಕು. ಆದರೆ ಅವನು ಅವುಗಳನ್ನು ಯುರೋಪಿನ ಸೆಲ್ಟಿಕ್, ಸಿಥಿಯನ್ ಜನರ ಕುರುಹುಗಳೊಡನೆ ಸೇರಿಸಿದನು. ತನ್ನ ನಾಡಿನಲ್ಲಿ ಇಂತಹ ಕಲ್ಲುಗಳನ್ನು ಕಂಡಿದ್ದವನು ಇಲ್ಲಿಯೂ ಅವುಗಳನ್ನೇ ಕಂಡನು. ಇಂದಿನ ವಿದ್ವಾಂಸರು ಆ ನಿರ್ಣಯವನ್ನು ಬಿಟ್ಟು, ಅವು ದಕ್ಷಿಣ ಭಾರತದ ಬೃಹತ್ ಶಿಲಾಯುಗದವೆಂದು ಹೇಳುತ್ತಾರೆ. ಅವನ ಅಳತೆ ಉಳಿಯಿತು, ಅರ್ಥ ಉಳಿಯಲಿಲ್ಲ. ಇದರಿಂದ ವಿದ್ಯಾರ್ಥಿಯು ಕಲಿಯಬೇಕಾದುದೇನೆಂದರೆ, ಕಂಡುದನ್ನು ಮೊದಲು ಕಂಡಂತೆ ಬರೆಯಬೇಕು. ಅರ್ಥ ಹೇಳುವ ಅವಸರ ಬೇಡ.

ಇನ್ನೊಂದು ಸಂಗತಿಯೂ ಉಂಟು. ಅದೇ ವೆಂಕಟಪ್ಪ ನಾಯಕನು 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ, ಸೆರೆಸಿಕ್ಕು, ಅದೇ ವರ್ಷ ಗುಂಡಿಗೆ ಬಲಿಯಾದನು. ಸಂಸ್ಥಾನವು 1860ರಲ್ಲಿ ನಿಜಾಮನ ಪಾಲಾಯಿತು. ಹತ್ತಾರು ವರ್ಷ ಪ್ರೀತಿಯಿಂದ ನೋಡಿದ ನೆಲದ ಮನಸ್ಸನ್ನು ಆಳುವವನ ಕಣ್ಣು ಎಷ್ಟರ ಮಟ್ಟಿಗೆ ಓದಬಲ್ಲುದೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಟೇಲರನ ಮರಣಾನಂತರ 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯನ್ನು ಓದುವವರು, ಸುರಪುರ ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಬರೆದ ಕಪಟರಾಳ ಕೃಷ್ಣರಾಯರನ್ನೂ ಪಕ್ಕದಲ್ಲಿಟ್ಟುಕೊಂಡು ಓದುವುದು ಒಳ್ಳೆಯದು.

ಎರಡನೆಯ ಉದಾಹರಣೆ ನಮ್ಮ ಕಾಲಕ್ಕೆ ಸೇರಿದುದು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞರಾದ ಕೆ. ಪದ್ದಯ್ಯನವರು 1965–66ರಲ್ಲಿ ಕೊಡೇಕಲ್ಲಿನಲ್ಲಿ ಉತ್ಖನನ ನಡೆಸಿದರು. ಈ ದೋಆಬಿನ ನವಶಿಲಾಯುಗವನ್ನು ಕುರಿತ ಅವರ ಗ್ರಂಥವು 1973ರಲ್ಲಿ ಹಾಲೆಂಡಿನಲ್ಲಿ ಅಚ್ಚಾಯಿತು. ಮುಂದೆ ಹುಣಸಗಿ, ಬೈಚಬಾಳಗಳ ಕಣಿವೆಗಳಲ್ಲಿ ಅವರು ದಶಕಗಳ ಕಾಲ ಅಲೆದು ಆದಿಮಾನವನ ನೂರಾರು ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ಸ್ಥಳವೇ ದೊರೆತು, ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಅದರ ಪ್ರಾಚೀನತೆ ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಾಯಿತು. ನಾವು ಬಸ್ಸಿನ ಕಿಟಕಿಯಿಂದ ‘ಬರೀ ಕಲ್ಲು’ ಎಂದು ನೋಡಿ ಬಿಡುವ ನೆಲವಿದು!

ಬೂದಿಹಾಳದ ಕಥೆ ಇನ್ನೂ ಸ್ವಾರಸ್ಯವಾದುದು. ಅಲ್ಲಿಯ ಬೂದಿದಿನ್ನೆಯನ್ನು ಅವರು 1989ರಿಂದ ಅಗೆಸಿದರು. ದಕ್ಷಿಣದ ಇಂತಹ ದಿನ್ನೆಗಳು ಏನೆಂಬುದರ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲ ವಾದವಿದ್ದಿತು. 1957ರಲ್ಲಿ ಆಲ್ಚಿನ್ನರು ಉಟ್ನೂರಿನಲ್ಲಿ ಅಗೆದು, ಇವು ದನದ ದೊಡ್ಡಿಗಳಲ್ಲಿ ಶೇಖರವಾದ ಸಗಣಿ ಸುಟ್ಟ ಬೂದಿಯೆಂದು ತೋರಿಸಿದರು. ಬೂದಿಹಾಳದಲ್ಲಿ ದೊಡ್ಡಿಯ ಜೊತೆಗೆ ಜನವಸತಿಯೂ, ಕಲ್ಲಿನ ಅಲಗುಗಳನ್ನು ಮಾಡುತ್ತಿದ್ದ ಜಾಗವೂ ಕಂಡುಬಂದವು. ಆ ಊರಿನ ಹೆಸರಿನಲ್ಲಿಯೇ ಬೂದಿ ಇದೆ. ಹಾಗೆಂದು ವಿಭೂತಿಹಳ್ಳಿಗೂ ಇದೇ ನ್ಯಾಯವನ್ನು ಹಚ್ಚಹೋದರೆ ಎಡವುತ್ತೇವೆ. ಅಲ್ಲಿ ಪ್ರಸಿದ್ಧವಾಗಿರುವುದು ಸಾಲುಗಲ್ಲು, ಬೂದಿಯಲ್ಲ. ಸ್ಥಳನಾಮವು ಪ್ರಶ್ನೆಯನ್ನು ಎಬ್ಬಿಸಬಲ್ಲುದು. ಉತ್ತರವನ್ನು ನೆಲದಲ್ಲಿಯೇ ಹುಡುಕಬೇಕು.

ಒಂದು ಸೀಮೆಗಾಗಿ ಒಬ್ಬ ವಿದ್ವಾಂಸನು ಜೀವಮಾನವನ್ನು ಸವೆಸುವುದೆಂದರೆ ಇದೇ. ಅವರು ಪುಣೆಯಿಂದ ಇಲ್ಲಿಗೆ ಬಂದರು. ನಾವು ಇಲ್ಲಿಂದ ಹೊರಗೆ ಹೋಗಬೇಕೇ ಎಂದು ಮಾವನವರು ಕೇಳುತ್ತಾರೆ. ಹೋಗಬೇಕು. ಊರಿನಲ್ಲಿ ಕಲ್ಲಿದೆ, ಅದರ ವಯಸ್ಸನ್ನು ಹೇಳುವ ಯಂತ್ರವೂ, ಹೋಲಿಸಿ ನೋಡಲು ಬೇಕಾದ ಪುಸ್ತಕಗಳೂ ಹೊರಗಿವೆ. ಆದರೆ ಮರಳಿ ಬರುವ ದಾರಿಯನ್ನು ನೆನಪಿನಲ್ಲಿಟ್ಟುಕೊಂಡು ಹೋಗಬೇಕು.

4. ಭಾಷೆಯ ಬೀಗದ ಕೈ

ಪ್ರದೇಶಾಧ್ಯಯನದ ಯಾವ ಶಾಲೆಯೇ ಆಗಲಿ, ಮೊದಲು ಒತ್ತಿ ಹೇಳುವುದು ಆ ಪ್ರದೇಶದ ಭಾಷೆಯನ್ನು ಕಲಿಯಬೇಕೆಂದು. ನಾವು ಕನ್ನಡಿಗರು, ನಮಗೆ ಆ ಕಷ್ಟವಿಲ್ಲ ಎಂದು ನಾನು ತಿಳಿದಿದ್ದೆ. ಅದು ತಪ್ಪೆಂದು ಮನೆಯ ಹಳೆಯ ಟ್ರಂಕೊಂದು ಕಲಿಸಿತು.

ಮಾವನವರ ಮನೆಯವರಿಗೂ ಅವರ ಭಾವಕಿಯ ಇನ್ನೊಂದು ಮನೆಯವರಿಗೂ ಒಂದು ಬಾವಿಯ ನೀರಿನ ಸಲುವಾಗಿ ಮೂವತ್ತು ವರ್ಷಗಳಿಂದ ಮಾತಿಲ್ಲ. ಟ್ರಂಕಿನಲ್ಲಿ ಮುತ್ತಜ್ಜನ ಕಾಲದ ಒಂದು ಕಾಗದವಿದ್ದಿತು. ಬರಹ ಉರ್ದು, ಮನೆಯಲ್ಲಿ ಯಾರಿಗೂ ಓದಲು ಬಾರದು. ‘ಎಲ್ಲಾ ನಮ್ಮದೇ ಅಂತ ಬರದಾರ’ ಎಂದು ಒಬ್ಬರ ನಂಬಿಕೆ. ‘ಕಾಗದನೇ ಖೊಟ್ಟಿ’ ಎಂದು ಇನ್ನೊಬ್ಬರ ವಾದ. ರಜೆ ಮುಗಿಯುವ ಮೊದಲು ನಾನು ಅದನ್ನು ಶಹಾಪುರದಲ್ಲಿರುವ ನಿವೃತ್ತ ಉರ್ದು ಶಿಕ್ಷಕರೊಬ್ಬರಲ್ಲಿಗೆ ಒಯ್ದೆ. ಅವರು ಕನ್ನಡಕ ಒರೆಸಿಕೊಂಡು ನಿಧಾನವಾಗಿ ಓದಿದರು. ಫಸಲಿ 1346ರ ಒಪ್ಪಂದವದು. ಫಸಲಿಗೆ 590 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕ ಬರುತ್ತದೆಂದು ಅವರೇ ಹೇಳಿಕೊಟ್ಟರು, ಎಂದರೆ 1936–37. ಅದರಲ್ಲಿ ಬಾವಿಯು ಒಬ್ಬರದೆಂದೂ ಬರೆದಿರಲಿಲ್ಲ, ಇನ್ನೊಬ್ಬರದೆಂದೂ ಬರೆದಿರಲಿಲ್ಲ. ಅಣ್ಣತಮ್ಮಂದಿರಿಬ್ಬರೂ ಪಾಳಿಯ ಪ್ರಕಾರ ಕಪಿಲೆ ಹೊಡೆಯತಕ್ಕದ್ದೆಂದೂ, ಬಾವಿಯ ಹೂಳನ್ನು ಕೂಡಿಯೇ ತೆಗೆಯತಕ್ಕದ್ದೆಂದೂ ಇದ್ದಿತು.

ಈ ಒಂದು ಪುಟವನ್ನು ಅರಿಯಲು ಏನೇನು ಬೇಕಾಯಿತೆಂಬುದನ್ನು ಗಮನಿಸಿರಿ. ಉರ್ದು ಲಿಪಿ ಬೇಕಾಯಿತು. ಈ ಭಾಗವು 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದ ಇತಿಹಾಸ ಬೇಕಾಯಿತು. ಫಸಲಿ ಗಣನೆ ಬೇಕಾಯಿತು. ಕಪಿಲೆಯೆಂದರೇನೆಂದು ಬಲ್ಲ ಒಕ್ಕಲುತನದ ತಿಳಿವು ಬೇಕಾಯಿತು. ಇದಕ್ಕಿಂತ ಒಳ್ಳೆಯ ಪ್ರದೇಶಾಧ್ಯಯನದ ಪಾಠವನ್ನು ನಾನು ಇದುವರೆಗೆ ಕಂಡಿಲ್ಲ.

ನಮ್ಮ ಸೀಮೆಯನ್ನು ಓದಬಯಸುವವರಿಗೆ ಕನ್ನಡದೊಡನೆ ಉರ್ದುವಿನ ಓದುಬರಹ ಅವಶ್ಯ. ಗುರುಮಠಕಲ್ಲಿನ ಕಡೆಗೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮಾತು ಬೇಕಾಗುತ್ತದೆ. ಶಾಸನಗಳನ್ನು ಓದಲು ಹಳಗನ್ನಡವೂ ಲಿಪಿಯ ಅಭ್ಯಾಸವೂ ಬೇಕು. ತಿಂಥಣಿ ಮೌನೇಶ್ವರನ ಜಾತ್ರೆಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವುದನ್ನು ಒಂದೇ ಭಾಷೆಯ ಪುಸ್ತಕದಿಂದ ಅರಿಯಲಾಗದು.

5. ಎಲ್ಲಿ ಓದುವುದು, ಹೇಗೆ ಓದುವುದು?

ನಮ್ಮ ವಿದ್ಯಾಭ್ಯಾಸದ ದಾರಿಯೇ ಒಂದು ಚರಿತ್ರೆ. ನಿಜಾಮನ ಕಾಲದಲ್ಲಿ ಈ ಭಾಗದ ಹುಡುಗನು ಉನ್ನತ ಶಿಕ್ಷಣಕ್ಕೆ 1918ರಲ್ಲಿ ಸ್ಥಾಪಿತವಾದ, ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯದತ್ತ ನೋಡುತ್ತಿದ್ದನು. ಏಕೀಕರಣದ ತರುವಾಯ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯ ದೊರೆಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಪ್ರತ್ಯೇಕವಾಯಿತು. 2009ರಲ್ಲಿ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಬಂದಿತು. ಅದೇ ವರ್ಷದ ಕೊನೆಗೆ ಯಾದಗಿರಿಯೇ ಜಿಲ್ಲೆಯಾಯಿತು. 2021ರಲ್ಲಿ ರಾಯಚೂರಿನಲ್ಲಿ ವಿಶ್ವವಿದ್ಯಾಲಯ ಆರಂಭವಾಗಿ ರಾಯಚೂರು, ಯಾದಗಿರಿ ಜಿಲ್ಲೆಗಳು ಅದಕ್ಕೆ ಸೇರಿದವು. ಇವೆಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳು. ಬಡವರ ಮಕ್ಕಳು ಓದಬಹುದಾದ ಬಾಗಿಲುಗಳು ಇವೇ. ಸಂವಿಧಾನದ 371 ಜೆ ವಿಧಿಯ ಮೂಲಕ ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ದೊರೆತಿದೆಯೆಂಬುದನ್ನು ನಮ್ಮವರು ತಿಳಿದಿರಬೇಕು.

ಓದುವ ಕ್ರಮದ ಬಗ್ಗೆ ನಮ್ಮ ಗುರುಗಳು ಹೇಳಿದ ಮಾತು ನನಗೆ ಒಪ್ಪಿಗೆಯಾಗಿದೆ. ಮರಕ್ಕೆ ಕಾಂಡವೊಂದೇ ಇರಬೇಕು, ಕೊಂಬೆಗಳು ಎಷ್ಟಾದರೂ ಇರಲಿ. ಕನ್ನಡ, ಇತಿಹಾಸ, ಭೂಗೋಲ, ಅರ್ಥಶಾಸ್ತ್ರ ಇವುಗಳಲ್ಲಿ ಒಂದನ್ನು ಮೂಲಶಾಸ್ತ್ರವನ್ನಾಗಿ ಹಿಡಿದು ಎಂ.ಎ. ಮಾಡಬೇಕು, ಕಿರುಪ್ರಬಂಧಕ್ಕೂ ಮುಂದಿನ ಸಂಶೋಧನೆಗೂ ಪ್ರದೇಶವನ್ನು ಆರಿಸಿಕೊಳ್ಳಬೇಕು. ಎಲ್ಲ ಶಾಸ್ತ್ರಗಳನ್ನೂ ಅಷ್ಟಷ್ಟು ಮುಟ್ಟಿ ಯಾವುದನ್ನೂ ಹಿಡಿಯದವನು ಕೊನೆಗೆ ಸುದ್ದಿಗಾರನಾಗುತ್ತಾನೆಯೇ ಹೊರತು ವಿದ್ವಾಂಸನಾಗುವುದಿಲ್ಲ.

ಇದರಲ್ಲಿ ವ್ಯವಹಾರದ ವಿವೇಕವೂ ಉಂಟು. ನೌಕರಿಯ ಪ್ರಕಟಣೆಯಲ್ಲಿ ಕೇಳುವ ವಿಷಯದ ಹೆಸರು ನಮ್ಮ ಪದವಿಪತ್ರದಲ್ಲಿರುವ ಹೆಸರಿಗೆ ಹೊಂದದಿದ್ದರೆ ಅರ್ಜಿಯೇ ನಿಲ್ಲುವುದಿಲ್ಲ. ಆದುದರಿಂದ ಸೇರುವ ಮೊದಲೇ ಇದನ್ನು ವಿಚಾರಿಸಿಕೊಳ್ಳತಕ್ಕದ್ದು. ಮಾವನವರ ಎರಡನೆಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವೆಂದರೆ, ಈ ಓದು ನೌಕರಿಯ ಭರವಸೆಯನ್ನು ಕೊಡುವುದಿಲ್ಲ. ಇಂದು ಯಾವ ಕಲಾಪದವಿಯೂ ಕೊಡುವುದಿಲ್ಲ. ಅಧ್ಯಾಪಕ ವೃತ್ತಿ, ಪುರಾತತ್ತ್ವ ಹಾಗೂ ಪತ್ರಾಗಾರ ಇಲಾಖೆಗಳು, ವಸ್ತುಸಂಗ್ರಹಾಲಯ, ಪತ್ರಿಕೆ, ಅನುವಾದ, ಆಡಳಿತ ಸೇವೆಯ ಪರೀಕ್ಷೆಗಳು ಇವೆಲ್ಲ ಅದರಿಂದ ತೆರೆಯುವ ದಾರಿಗಳು. ಅಲ್ಲಿಯೂ ಸ್ಪರ್ಧೆಯುಂಟು.

ಆದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11 ಲಕ್ಷ 74 ಸಾವಿರ. ಸಾಕ್ಷರತೆ ಶೇಕಡಾ 52ಕ್ಕೂ ತುಸು ಕಡಿಮೆ, ಆ ಗಣತಿಯಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗಿಂತ ಕಡಿಮೆ. ಓದಬಲ್ಲವರು ಇಷ್ಟು ಸ್ವಲ್ಪವಿರುವಲ್ಲಿ, ಓದಿದವನ ಹೊಣೆ ಇಮ್ಮಡಿಯಾಗುತ್ತದೆ. ನಮ್ಮ ಬಗ್ಗೆ ‘ಹಿಂದುಳಿದ ಭಾಗ’ವೆಂಬ ಎರಡೇ ಶಬ್ದಗಳನ್ನು ಹೊರಗಿನವರು ಹೇಳುತ್ತಾರೆ. ಏಕೆ ಹಿಂದುಳಿಯಿತು, ಯಾವುದರಲ್ಲಿ ಹಿಂದುಳಿಯಿತು, ಯಾವುದರಲ್ಲಿ ಹಿಂದುಳಿದಿಲ್ಲವೆಂಬುದನ್ನು ವಿವರವಾಗಿ ಬರೆಯಬೇಕಾದವರು ನಾವೇ.

6. ಇಂದೇ ಮಾಡಬಹುದಾದುದು

ಪದವಿಗೆ ಸೇರುವವರೆಗೆ ಕಾಯಬೇಕಾಗಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ನೋಟುಪುಸ್ತಕವನ್ನಿಟ್ಟು ತನ್ನ ಊರಿನ ಹೊಲಗಳ ಹೆಸರು, ಬಾವಿ ಕೆರೆಗಳ ಹೆಸರು, ದೇವರು ದರ್ಗಾಗಳು, ಬೆಳೆ ಬದಲಾದ ವರ್ಷ, ಗುಳೆ ಹೋದವರು ಹೋದ ಊರುಗಳು, ಹಿರಿಯರು ಮಾತ್ರ ಬಳಸುವ ಶಬ್ದಗಳು ಇವುಗಳನ್ನು ಬರೆದಿಡಲಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಬರೆಯಲಿ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಲಿ. ಮನೆಯಲ್ಲಿ ಹಳೆಯ ಕಾಗದಗಳಿದ್ದರೆ ಅವನ್ನು ಬಿಸಾಡದೆ, ಓದಬಲ್ಲವರಿರುವಾಗಲೇ ಓದಿಸಿಕೊಳ್ಳಲಿ. ನಮ್ಮ ಕಾಲೇಜಿಗೆ ಬೇರೆಬೇರೆ ತಾಲೂಕುಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬೊಬ್ಬರು ಒಂದೊಂದು ಊರಿನ ಒಂದೊಂದು ಪುಟವನ್ನು ಬರೆದರೂ ಮುಂದಿನ ಸಂಚಿಕೆಗೆ ಬೇಕಾದಷ್ಟಾಗುತ್ತದೆ.

ಕಾಗದದ ಸಂಗತಿಯನ್ನು ಅರ್ಧಕ್ಕೆ ಬಿಡಬಾರದು. ಅದನ್ನು ಓದಿಸಿಕೊಂಡು ಬಂದು ಮಾವನವರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆ ಬಾವಿ ಈಗ ಬತ್ತಿದೆ. ಪಾಳಿ ಹಚ್ಚುವುದಕ್ಕೆ ನೀರೇ ಇಲ್ಲ. ಎರಡು ಮನೆಗಳು ಕೂಡಿದವೆಂದು ಬರೆದರೆ ಸುಳ್ಳಾದೀತು. ಆದರೆ ಮರುದಿನ ಅವರು ಆ ಕಾಗದವನ್ನು ತೆಗೆದುಕೊಂಡು ಆಚೆಯ ಮನೆಯ ಕಟ್ಟೆಯವರೆಗೆ ಹೋಗಿ ಬಂದರು. ಸಂಜೆ ನನ್ನನ್ನು ಕರೆದು, “ಇದನ್ನ ಓದವರು ನಮ್ಮ ಊರಾಗ ಇನ್ನ ಯಾರದಾರ?” ಎಂದು ಕೇಳಿದರು. ಯಾರೂ ಇಲ್ಲವೆಂದೆ.

“ಹಂಗಾದ್ರ ನೀ ಕಲಿ” ಎಂದರು.

ಈಗ ವಾರಕ್ಕೆರಡು ದಿನ ಕಾಲೇಜು ಮುಗಿದ ಮೇಲೆ ಆ ನಿವೃತ್ತ ಶಿಕ್ಷಕರ ಮನೆಗೆ ಹೋಗಿ ಉರ್ದು ಅಕ್ಷರಗಳನ್ನು ತಿದ್ದುತ್ತಿದ್ದೇನೆ. ಜೊತೆಗೆ ಬರುವ ಮಿತ್ರರಿದ್ದರೆ ಅವರು ಸಂತೋಷದಿಂದ ಕಲಿಸುವರೆಂದು ತಿಳಿಸಲು ಹೇಳಿದ್ದಾರೆ.